ನಾಮಾನನ ಕೋಪವೂ ನಮ್ಮ ದಿನದಿನದ ಬೇಸರವೂ

(ಓದತಕ್ಕ ವೇದಭಾಗಗಳು: ಎರಡನೆಯ ಅರಸುಗಳು 5:1-14, ಯೋಹಾನ 13:1-17, ಅಪೊಸ್ತಲರ ಕೃತ್ಯಗಳು 16:16-40)



ದೋರನಹಳ್ಳಿಯ ಸೀಮೆಯಲ್ಲಿ ಕಾಲುವೆಯ ನೀರನ್ನು ನಂಬಿ ಬೆಳೆಯಿಟ್ಟ ಒಬ್ಬ ರೈತನನ್ನು ಮನಸ್ಸಿಗೆ ತಂದುಕೊಳ್ಳಿರಿ. ನಾರಾಯಣಪುರದ ಬಳಿ ಕೃಷ್ಣಾ ನದಿಗೆ ಅಡ್ಡವಾಗಿ ಕಟ್ಟಿ 1982ರಲ್ಲಿ ಮುಗಿಸಿದ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆಯು ಸುರಪುರ, ಶಹಾಪುರ ತಾಲೂಕುಗಳ ಭೂಮಿಗೆ ನೀರನ್ನು ತರುತ್ತದೆಂಬದು ನಿಮಗೆ ತಿಳಿದದ್ದೇ. ಆ ನೀರು ಎಲ್ಲಾ ದಿವಸಗಳಲ್ಲಿಯೂ ಹರಿಯುವದಿಲ್ಲ. ಕೆಲವು ದಿವಸ ಚಾಲು, ಕೆಲವು ದಿವಸ ಬಂದ್. ಮೇಲ್ಭಾಗದವರು ಭತ್ತಕ್ಕೆ ತುಂಬ ನೀರು ಕಟ್ಟಿಕೊಂಡರೆ ಕೊನೆಭಾಗದವನ ಹತ್ತಿಯೂ ಮೆಣಸಿನ ಗಿಡವೂ ಬಾಡುತ್ತವೆ. ಈ ರೈತನು ಕೊನೆಭಾಗದವನು. ಸಲಿಕೆಯನ್ನು ಹೆಗಲ ಮೇಲೆ ಇಟ್ಟುಕೊಂಡು ರಾತ್ರಿಯೆಲ್ಲಾ ಬದುವಿನ ಮೇಲೆ ಕಾದನು. ಮೇಲಿನ ಹೊಲದವನು ಆ ದಾರಿಯಿಂದ ಹೋಗುವಾಗ, ನಿನ್ನ ಪಾಳಿ ಬರುವ ತನಕ ಸುಮ್ಮನೆ ಕೂತಿರು ಎಂದು ನಾಲ್ಕು ಜನರ ಮುಂದೆ ಏಕವಚನದಲ್ಲಿ ಹೇಳಿ ನಕ್ಕನು. ಬೆಳಗಿನ ಜಾವಕ್ಕೆ ನೀರು ಬಂತು. ಹೊಲವು ತಣಿಯಿತು, ಮನಸ್ಸು ತಣಿಯಲಿಲ್ಲ. ಮನೆಗೆ ಬಂದು ಹೆಂಡತಿಯು ಬಡಿಸಿದ ರೊಟ್ಟಿಯನ್ನು ಸರಿಸಿದನು, ಮಗನನ್ನು ಬೈದನು, ಏನೂ ಅರಿಯದ ಎತ್ತಿಗೆ ಎರಡು ಏಟು ಕೊಟ್ಟನು. ಭಾನುವಾರದ ಆರಾಧನೆಯಲ್ಲಿ ಕೂತಾಗಲೂ ಅವನ ಕಿವಿಯಲ್ಲಿ ಇದ್ದದ್ದು ಪ್ರಸಂಗವಲ್ಲ, ಆ ನಗುವೇ.

ಇಲ್ಲಿ ಎರಡು ಹೊರೆಗಳಿವೆ. ನೀರಿನ ಕಷ್ಟವು ಒಂದು ಹೊರೆ. ಅದು ನಿಜವಾದದ್ದು; ಅದು ಏನೂ ಅಲ್ಲವೆಂದು ದೇವರು ನಮಗೆ ಎಲ್ಲಿಯೂ ಹೇಳಲಿಲ್ಲ. "ನನ್ನಂಥವನಿಗೆ ಹೀಗಾಗಬೇಕೇ?" ಎಂಬದು ಎರಡನೆಯ ಹೊರೆ. ಇದನ್ನು ನಾವೇ ಎತ್ತಿ ನಮ್ಮ ತಲೆಯ ಮೇಲೆ ಇಟ್ಟುಕೊಳ್ಳುತ್ತೇವೆ. ಮೊದಲನೆಯದನ್ನು ಸಾಯಂಕಾಲ ಸಲಿಕೆಯೊಡನೆ ಮೂಲೆಯಲ್ಲಿ ಇಡಬಹುದು; ಎರಡನೆಯದು ನಮ್ಮ ಸಂಗಡ ಹಾಸಿಗೆಗೂ ಬರುತ್ತದೆ. ಕೋಪವು ಒಳಗೆ ಕುದಿಯುವಾಗ ಎದೆಯ ಬಡಿತವು ಹೆಚ್ಚುವದು, ರಕ್ತದ ಒತ್ತಡವು ಏರುವದು, ನಿದ್ರೆಯು ಹಾರಿಹೋಗುವದು. ಇದು ವೈದ್ಯರಿಗೆಲ್ಲಾ ತಿಳಿದ ಸಂಗತಿ. ಈ ಎರಡನೆಯ ಹೊರೆಯ ವಿಷಯವಾಗಿಯೇ ಈ ತಿಂಗಳ ಪಾಠ.

ನಾಮಾನನ ಚರಿತ್ರೆಯನ್ನು ನಾವು ಕುಷ್ಠರೋಗವು ವಾಸಿಯಾದ ಅದ್ಭುತವೆಂದು ಓದುವದು ರೂಢಿ. (ಆ ರೋಗವು ಈಗ ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಕೊಡುವ ಮಾತ್ರೆಗಳಿಂದ ಪೂರ್ಣವಾಗಿ ವಾಸಿಯಾಗುತ್ತದೆ, ಅದುಳ್ಳವರನ್ನು ದೂರವಿಡುವದಕ್ಕೆ ಕಾರಣವೇ ಇಲ್ಲ.) ಆದರೆ ಆ ಚರಿತ್ರೆಯ ನಡುವೆ ಒಂದು ಸಿಟ್ಟಿನ ಸಂಗತಿಯುಂಟು, ಅದನ್ನು ನಿಧಾನವಾಗಿ ನೋಡೋಣ. ನಾಮಾನನು ಅರಾಮ್ಯರ ಸೇನಾಪತಿ, ಅರಸನಿಗೆ ಬೇಕಾದವನು. ಬೆಳ್ಳಿ ಬಂಗಾರಗಳನ್ನೂ ಹತ್ತು ಜೊತೆ ವಸ್ತ್ರಗಳನ್ನೂ ತೆಗೆದುಕೊಂಡು, ಕುದುರೆ ರಥಗಳೊಡನೆ ಎಲೀಷನ ಬಾಗಲಿಗೆ ಬಂದು ನಿಂತನು. ಪ್ರವಾದಿಯು ಹೊರಗೆ ಬರಲೇ ಇಲ್ಲ. ಒಬ್ಬ ಆಳನ್ನು ಕಳುಹಿಸಿ, ಯೊರ್ದನಿನಲ್ಲಿ ಏಳು ಸಾರಿ ಸ್ನಾನಮಾಡಿದರೆ ಗುಣವಾಗುವದೆಂದು ಹೇಳಿಸಿದನು. ಆಗ ಸೇನಾಪತಿಗೆ ಕೋಪ ಬಂತು.

ಯಾಕೆ ಬಂತು? ಗುಣವಾಗುವದಿಲ್ಲವೆಂದು ಯಾರೂ ಹೇಳಲಿಲ್ಲ. ಹಣವನ್ನು ಕೇಳಲಿಲ್ಲ. ಕಠಿನವಾದ ವ್ರತವನ್ನು ವಿಧಿಸಲಿಲ್ಲ. ಕಾರಣವನ್ನು ನಾಮಾನನ ಬಾಯಿಂದಲೇ ನಾವು ಕೇಳುತ್ತೇವೆ. ಪ್ರವಾದಿಯು ಎದ್ದು ಹೊರಗೆ ಬರುವನು, ತನ್ನ ಮುಂದೆ ನಿಲ್ಲುವನು, ದೇವರ ಹೆಸರು ಹೇಳಿ ರೋಗದ ಮೇಲೆ ಕೈಯಾಡಿಸುವನು ಎಂದು ಅವನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಚಿತ್ರವನ್ನು ಬರೆದುಕೊಂಡು ಬಂದಿದ್ದನು. ಬಾಗಲಿಗೆ ಬಂದದ್ದು ಆ ಚಿತ್ರದಂತೆ ಇರಲಿಲ್ಲ. ಆಮೇಲೆ ನದಿಯ ಮಾತೂ ಬಂತು: ದಮಸ್ಕದ ನದಿಗಳು ಈ ಯೊರ್ದನಿಗಿಂತ ಉತ್ತಮವಲ್ಲವೇ ಎಂದನು. ರೋಗಿಗೆ ನದಿಯ ಹೆಚ್ಚುಕಡಿಮೆ ಯಾತಕ್ಕೆ? ಆದರೆ ಮಾನಕ್ಕೆ ಪೆಟ್ಟು ಬಿದ್ದವನು ಇಂಥ ಲೆಕ್ಕವನ್ನೆಲ್ಲಾ ತೆಗೆಯುತ್ತಾನೆ. ಅವನು ರೌದ್ರದಿಂದ ಹಿಂದಿರುಗಿದನು. ವಾಚಕರೇ, ಇದನ್ನು ಗಮನಿಸಿರಿ: ಆ ಕ್ಷಣದಲ್ಲಿ ರೋಗವು ಅವನ ಮೈಮೇಲೆಯೇ ಇತ್ತು. ಒಂದು ಮರ್ಯಾದೆಯ ಮಾತು ಸಿಕ್ಕಲಿಲ್ಲವೆಂದು ರೋಗವನ್ನು ಹೊತ್ತುಕೊಂಡೇ ಊರಿಗೆ ಹೋಗುವದಕ್ಕೆ ಅವನು ಸಿದ್ಧನಾಗಿದ್ದನು.

ಅವನನ್ನು ತಿರುಗಿಸಿದವರು ಸೇವಕರು. ಅವರಿಗಿಂತ ಮುಂಚೆ, ಸುಲಿಗೆಯಲ್ಲಿ ಸೆರೆಯಾಗಿ ಬಂದು ಅವನ ಹೆಂಡತಿಯ ಚಾಕರಿಯಲ್ಲಿದ್ದ ಒಬ್ಬ ಚಿಕ್ಕ ಹುಡುಗಿ. ಈ ಇಡೀ ಚರಿತ್ರೆಯಲ್ಲಿ ಸಿಟ್ಟಾಗುವದಕ್ಕೆ ನಿಜವಾದ ಕಾರಣವಿದ್ದದ್ದು ಆಕೆಗೆ ಮಾತ್ರವೇ. ಆಕೆಯೋ ಯಜಮಾನನ ರೋಗವು ಗುಣವಾಗಲೆಂದು ಬಯಸಿದಳು. ಆಕೆಯ ಹೆಸರನ್ನು ವೇದವು ಬರೆದಿಲ್ಲ. ಕಡೆಗೆ ನಾಮಾನನು ಇಳಿದು ನದಿಗೆ ಹೋದನು. ನೀರು ಅವನ ಚರ್ಮವನ್ನು ಮುಟ್ಟುವದಕ್ಕಿಂತ ಮುಂಚೆಯೇ ಅವನ ಕೋಪವು ಇಳಿದಿತ್ತೆಂದು ನನಗೆ ತೋರುತ್ತದೆ.

ನಮ್ಮ ಎಷ್ಟೋ ಬೇಸರಗಳು ಇಂಥ ಚಿತ್ರಗಳಿಂದ ಹುಟ್ಟುತ್ತವೆ. ಮದುವೆಯಲ್ಲಿ ಎಲೆಅಡಿಕೆಯು ಮೊದಲು ತಮ್ಮನ ಕೈಗೆ ಹೋಯಿತು. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರವು ನಮ್ಮ ಬೆರಳನ್ನು ಒಪ್ಪಲಿಲ್ಲ, ಹಿಂದಿದ್ದವರು ಗೊಣಗಿದರು. ಬೆಂಗಳೂರಿನಲ್ಲಿ ದುಡಿಯುವ ಮಗನು ಹಬ್ಬಕ್ಕೆ ಬಂದವನು ಮೊದಲು ಅತ್ತೆಮನೆಗೆ ಹೋದನು. ದೇವಾಲಯದಲ್ಲಿ ಕಾಣಿಕೆ ಕೊಟ್ಟವರ ಹೆಸರುಗಳನ್ನು ಓದುವಾಗ ನಮ್ಮದು ಬಿಟ್ಟುಹೋಯಿತು. ಇವುಗಳಲ್ಲಿ ನಷ್ಟವಾದದ್ದೆಷ್ಟು, ಮನಸ್ಸಿನ ಚಿತ್ರವು ಹರಿದದ್ದೆಷ್ಟು ಎಂದು ಬೇರೆ ಬೇರೆಯಾಗಿ ತೂಗಿ ನೋಡುವದೇ ದೀನತೆಯ ಮೊದಲನೆಯ ಅಭ್ಯಾಸ. ನೋವು ಬಂದ ಕೂಡಲೆ ಉತ್ತರ ಕೊಡುವದಕ್ಕಿಂತ ಮುಂಚೆ, "ಕರ್ತನೇ, ಇಲ್ಲಿ ಕೆಟ್ಟದ್ದು ಕೆಲಸವೋ, ನನ್ನ ದೊಡ್ಡಸ್ತಿಕೆಯೋ?" ಎಂದು ಒಳಗೊಳಗೆ ಕೇಳಿರಿ. ಅನೇಕ ಸಾರಿ ಉತ್ತರವು ನಾಚಿಕೆಯನ್ನು ತರುವದು. ಆ ನಾಚಿಕೆಯ ಹಿಂದೆಯೇ ಮನಸ್ಸು ಹಗುರವಾಗುವದು.

ಈಗ ಒಂದು ಆಕ್ಷೇಪಣೆಗೆ ಬರಬೇಕು. ಇದನ್ನು ಮುಚ್ಚಿಟ್ಟು ಪಾಠ ಹೇಳುವದು ಪ್ರಾಮಾಣಿಕತೆಯಲ್ಲ. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು ಬೇಕೆಂದು ತಗ್ಗಿದವರಲ್ಲ, ತಗ್ಗಿಸಲ್ಪಟ್ಟವರು. ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಬಡವರು ಬಿಟ್ಟಿ ಚಾಕರಿಯನ್ನು ಕಂಡವರು. ದೊಡ್ಡವರ ಓಣಿಯಲ್ಲಿ ಕೆರವನ್ನು ಕೈಯಲ್ಲಿ ಹಿಡಿದು ನಡೆದವರೂ, ನೀರಿಗಾಗಿ ಬಾವಿಯಿಂದ ದೂರ ನಿಂತವರೂ ಅವರಲ್ಲಿ ಇದ್ದರು. 1948ರಲ್ಲಿ ಆ ಆಳಿಕೆಯು ಮುಗಿಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನೂ 23ನೆಯ ವಿಧಿಯು ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದವು. ಇಂಥ ಮನೆತನದವನಿಗೆ, ನಿನ್ನನ್ನು ತಗ್ಗಿಸಿಕೋ ಎಂದು ಉಪದೇಶಿಯು ಹೇಳಿದರೆ, "ಅಯ್ಯಾ, ನಾವು ತಗ್ಗಿದ್ದು ಇನ್ನೂ ಸಾಲದೇ?" ಎಂದು ಅವನು ಕೇಳುವದು ನ್ಯಾಯವೇ.

ಅವನಿಗೆ ಯೋಹಾನನ 13ನೆಯ ಅಧ್ಯಾಯವು ಉತ್ತರ ಕೊಡುತ್ತದೆ. ಕರ್ತನಾದ ಯೇಸು ಶಿಷ್ಯರ ಕಾಲುಗಳನ್ನು ತೊಳೆಯುವದಕ್ಕೆ ಎದ್ದದ್ದನ್ನು ಹೇಳುವ ಮೊದಲು ಸುವಾರ್ತಿಕನು ಒಂದು ಸಂಗತಿಯನ್ನು ಬರೆದಿದ್ದಾನೆ: ತಂದೆಯು ಸಮಸ್ತವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದೂ, ತಾನು ದೇವರ ಬಳಿಯಿಂದ ಬಂದವನೆಂದೂ ಆತನಿಗೆ ಗೊತ್ತಿತ್ತು. ಅದನ್ನು ಅರಿತವನಾಗಿಯೇ ಆತನು ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡನು. ಯಾರೂ ಆತನನ್ನು ಬಲವಂತಪಡಿಸಲಿಲ್ಲ. ಪೇತ್ರನಂತೂ ಬೇಡವೆಂದು ತಡೆದನು. ಹೆದರಿಕೆಯಿಂದ ಬಗ್ಗುವವನ ಬೆನ್ನು ಬೇರೆ, ಪ್ರೀತಿಯಿಂದ ಬಗ್ಗುವವನ ಬೆನ್ನು ಬೇರೆ. ತಾನು ದೇವರ ಮಗುವೆಂದು ಅರಿಯದವನನ್ನು ಬಗ್ಗಿಸುವದು ಸುಲಭ. ಆದರೆ ಅವನು ದೀನನಾಗಲಾರನು. ಆದಕಾರಣ ನಮ್ಮ ಮಕ್ಕಳಿಗೆ ಮೊದಲು ತಲೆಯೆತ್ತಿ ನಿಲ್ಲುವದನ್ನು ಕಲಿಸೋಣ. ಕಾಲು ತೊಳೆಯುವದನ್ನು ಅವರು ಆಮೇಲೆ ಕಲಿಯಲಿ.

ಪೌಲನ ನಡತೆಯನ್ನೂ ನೋಡಿರಿ. ಕ್ರಿಸ್ತನ ದೀನಮನಸ್ಸನ್ನು ಕುರಿತು ಆತನು ಬರೆದ ಪ್ರಸಿದ್ಧವಾದ ಮಾತುಗಳು ಫಿಲಿಪ್ಪಿಯ ಸಭೆಗೆ ಬರೆದವು. ಅದೇ ಫಿಲಿಪ್ಪಿಯಲ್ಲಿ ಆತನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ, ಜನರ ಮುಂದೆ ಬೆತ್ತಗಳಿಂದ ಹೊಡಿಸಿ, ಕಾಲುಗಳಿಗೆ ಕೋಳಹಾಕಿ ಸೆರೆಯಲ್ಲಿಟ್ಟರು. ಮರುದಿನ ಅಧಿಕಾರಿಗಳು, ಸದ್ದಿಲ್ಲದೆ ಹೋಗಿಬಿಡಲಿ ಎಂದು ಹೇಳಿಕಳುಹಿಸಿದಾಗ ಪೌಲನು ಒಪ್ಪಲಿಲ್ಲ. ತಾವು ರೋಮಿನ ಹಕ್ಕುಳ್ಳವರೆಂದೂ, ಬಹಿರಂಗವಾಗಿ ಹೊಡಿಸಿದವರು ತಾವೇ ಬಂದು ಹೊರಗೆ ಕರಕೊಂಡು ಹೋಗಬೇಕೆಂದೂ ಹೇಳಿದನು. ಅವರು ಹೆದರಿ ಬಂದು ಬೇಡಿಕೊಂಡರು. ಇದು ಗರ್ವವೋ? ಅಲ್ಲ. ಲುದ್ಯಳ ಮನೆಯಲ್ಲಿ ಕೂಡಿಬರುತ್ತಿದ್ದ ಹೊಸ ಸಭೆಗೆ ಇದರಿಂದ ರಕ್ಷಣೆಯಾಯಿತೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಆದರೆ ಪೌಲ ಸೀಲರು ಹಾಡಿದ್ದು ಅಧಿಕಾರಿಗಳು ಬಂದು ಬೇಡಿಕೊಂಡ ಮೇಲೆ ಅಲ್ಲ. ಮಧ್ಯರಾತ್ರಿಯಲ್ಲಿ, ಬೆನ್ನಿನ ಗಾಯಗಳು ಉರಿಯುತ್ತಿರುವಾಗಲೇ. ಅವರ ಸಮಾಧಾನವು ಅಧಿಕಾರಿಗಳ ಕೈಯಲ್ಲಿ ಇರಲಿಲ್ಲ.

ಹಾಗಾದರೆ ನಮ್ಮ ಕೊನೆಭಾಗದ ರೈತನು ಏನು ಮಾಡತಕ್ಕದ್ದು? ನೀರಿನ ಪಾಳಿಯು ತಪ್ಪುತ್ತಿದ್ದರೆ ಅಕ್ಕಪಕ್ಕದವರನ್ನು ಕೂಡಿಸಿಕೊಂಡು ನೀರು ಬಳಕೆದಾರರ ಸಂಘಕ್ಕೂ ನೀರಾವರಿ ಕಚೇರಿಗೂ ಹೋಗಲಿ, ಅರ್ಜಿ ಕೊಡಲಿ, ಮತ್ತೊಮ್ಮೆ ಹೋಗಲಿ. ಆ ನಗುವನ್ನು ಮಾತ್ರ ಅರ್ಜಿಯಲ್ಲಿ ಬರೆಯದಿರಲಿ. ಎರಡನೆಯ ಹೊರೆಯನ್ನು ಇಳಿಸಿದವನ ಕೈಗಳು ಮೊದಲನೆಯದಕ್ಕೆ ಬಿಡುವಾಗುತ್ತವೆ. ಕಚೇರಿಯಲ್ಲಿ ಕೂಗಾಡುವವನಿಗಿಂತ ಅವನು ಸ್ಪಷ್ಟವಾಗಿ ಮಾತಾಡುವನು.

ಕಲಿಯುವದಕ್ಕೂ ದೀನತೆ ಬೇಕು. ಫರ್ಡಿನಾಂಡ್ ಕಿಟೆಲ್ ದೊರೆಗಳು 1853ರಲ್ಲಿ ಬಾಸೆಲ್ ಮಿಶನಿನಿಂದ ಕನ್ನಡ ನಾಡಿಗೆ ಉಪದೇಶಿಸುವದಕ್ಕೆ ಬಂದವರು. ಕನ್ನಡದ ಮಾತುಗಳಿಗಾಗಿಯಂತೂ ಈ ನಾಡಿನವರ ಮುಂದೆ ಶಿಷ್ಯರಾಗಬೇಕಾಯಿತು. ದೇಹಸ್ಥಿತಿ ಕೆಟ್ಟು ನಡುವೆ ಸ್ವದೇಶಕ್ಕೆ ಹೋಗಿ, ತಿರುಗಿ ಬಂದು, ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ನಮ್ಮಲ್ಲಿಯೋ ಮೊಬೈಲಿನಲ್ಲಿ ಅರ್ಜಿ ತುಂಬುವದನ್ನು ಮೊಮ್ಮಗಳಿಂದ ಕಲಿಯುವದಕ್ಕೆ ಸಂಕೋಚಪಟ್ಟು ದಿನವೆಲ್ಲಾ ಸಿಡಿಮಿಡಿಗುಟ್ಟುವ ಹಿರಿಯರಿದ್ದಾರೆ.

ಮನೆಯ ವಿಷಯದಲ್ಲಿ ಒಂದು ಎಚ್ಚರಿಕೆ. ದೀನತೆಯ ಪಾಠವನ್ನು ಸೊಸೆಗೆ ಓದಿ ಹೇಳುವ ಅತ್ತೆಯೂ, ಹೆಂಡತಿಗೆ ಹೇಳುವ ಗಂಡನೂ, ಸಭೆಗೆ ಹೇಳುವ ಉಪದೇಶಿಯೂ ಅದನ್ನು ತಾವು ಕಲಿತಿರಬೇಕು. ಆ ಅಧ್ಯಾಯದಲ್ಲಿ ಕಾಲು ತೊಳೆದದ್ದು ಗುರು. ಹೊಡೆತವನ್ನು ತಿನ್ನುವ ಹೆಂಡತಿಗೆ, ಸಹಿಸಿಕೋ, ಇದೇ ದೀನತೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು ಬೋಧನೆ. ಆಕೆಯನ್ನು ಕಾಪಾಡುವದು ಸಭೆಯ ಹಿರಿಯರ ಕೆಲಸ. ಹಾಗೆಯೇ ವಾರಗಟ್ಟಲೆ ನಿದ್ರೆಯಿಲ್ಲದೆ, ಅನ್ನ ಸೇರದೆ, ಬದುಕೇ ಬೇಡವೆನ್ನುವವರಿಗೆ ಗರ್ವವನ್ನು ಬಿಡು ಎಂದು ಬುದ್ಧಿಹೇಳಬೇಡಿರಿ. ಅದು ರೋಗವಾಗಿರಬಹುದು. ಅಂಥವರನ್ನು ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋಗಿರಿ. 14416 ಎಂಬ ಸರಕಾರಿ ದೂರವಾಣಿಯಲ್ಲಿಯೂ ಹಣವಿಲ್ಲದೆ ಸಲಹೆ ದೊರೆಯುತ್ತದೆ. ಕಾಲು ಮುರಿದವನಿಗೆ ನಾವು ಬರೇ ಪ್ರಾರ್ಥನೆ ಮಾಡಿ ಬಿಡುವದಿಲ್ಲವಷ್ಟೆ.

ಉಳಿದ ನಮಗೆಲ್ಲಾ ಅಭ್ಯಾಸವು ಚಿಕ್ಕ ಕೆಲಸಗಳಿಂದಲೇ ಆರಂಭವಾಗುವದು. ಈ ತಿಂಗಳು ಯಾರಿಗೂ ತಿಳಿಯದಂತೆ ದೇವಾಲಯದ ಅಂಗಳವನ್ನು ಒಮ್ಮೆ ಗುಡಿಸಿರಿ. ನಿಮ್ಮ ತಪ್ಪು ಕಾಲುಭಾಗವಿದ್ದರೂ ಆ ಕಾಲುಭಾಗಕ್ಕೆ ನೀವೇ ಮೊದಲು ಕ್ಷಮೆ ಕೇಳಿರಿ. ಉಳಿದ ಮುಕ್ಕಾಲನ್ನು ನೆನಪಿಸಬೇಡಿರಿ. ಇದು ಬಹಳ ಕಷ್ಟವೆಂದು ನನ್ನ ಅನುಭವದಿಂದ ಬಲ್ಲೆನು.

ಮನೆಕೂಟವನ್ನು ನಡಿಸುವವರು ನಾಮಾನನ ಭಾಗವನ್ನು ಓದಿಸಿ, ಅವನು ಬಾಗಲಲ್ಲಿ ಕಳಕೊಂಡದ್ದೇನು, ನದಿಯಲ್ಲಿ ಕಳಕೊಂಡದ್ದೇನು ಎಂದು ಕೇಳಲಿ. ಆ ಹುಡುಗಿಯ ಸ್ಥಾನದಲ್ಲಿ ನಾವಿದ್ದರೆ ಯಜಮಾನಿಗೆ ಆ ಮಾತನ್ನು ಹೇಳುತ್ತಿದ್ದೆವೋ ಎಂದೂ ಕೇಳಲಿ. ಬಳಿಕ ಪ್ರತಿಯೊಬ್ಬರೂ ಈ ವಾರದಲ್ಲಿ ತಮಗೆ ಬಂದ ಒಂದು ಸಿಟ್ಟನ್ನು ನೆನಪಿಗೆ ತಂದುಕೊಂಡು, ಅದರಲ್ಲಿ ಯಾವುದು ಮೊದಲನೆಯ ಹೊರೆ, ಯಾವುದು ಎರಡನೆಯದು ಎಂದು ಮೌನವಾಗಿ ವಿಂಗಡಿಸಲಿ. ಬಾಯಿಬಿಟ್ಟು ಹೇಳಬೇಕೆಂದು ಯಾರನ್ನೂ ಒತ್ತಾಯಪಡಿಸಬೇಡಿರಿ; ಆ ಸಿಟ್ಟಿಗೆ ಕಾರಣನಾದವನು ಪಕ್ಕದ ಚಾಪೆಯ ಮೇಲೆಯೇ ಕೂತಿರಬಹುದು.