ಪಂಜಿನ ಜ್ವಾಲೆಯೊಳಗಿನ ಹುಡುಗರು

ಪ್ರೀತಿಯ ಪುಟ್ಟಿ,

ಅಜ್ಜಿಯ ಮಂಡಿನೋವು ಈಗ ಎಷ್ಟೋ ವಾಸಿ. ಚಳಿ ಹಿಡಿಯುವ ಮೊದಲೇ ನೀನೊಂದು ದಪ್ಪನೆಯ ಕೋಟು ಕೊಳ್ಳಬೇಕಂತೆ. ಮೊದಲು ಅದನ್ನೇ ಬರೆಯಿರಿ ಎಂದಳು, ಬರೆದಿದ್ದೇನೆ.

ನೀನು ಕಳಿಸಿದ ಫೋಟೋ ನೋಡಿದೆ. ಸಾವಿರಾರು ಸೈನಿಕರು ಸೇರಿ ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆಯಾಗಿ ನಿಂತ ಚಿತ್ರ. ‘ಅಜ್ಜಾ, ಇದು ಕಂಪ್ಯೂಟರಿನಲ್ಲಿ ಮಾಡಿದ್ದಾ, ನಿಜವಾದದ್ದಾ? ತರಗತಿಯಲ್ಲಿ ತೋರಿಸಬೇಕು, ಕೆಳಗೆ ಏನು ಬರೆಯಲಿ?’ ಎಂದು ಕೇಳಿದ್ದೀಯ. ನಿಜವಾದದ್ದೇ ಮಗೂ. ನೀನಿರುವ ಅಯೋವಾದ ಡೆ ಮೊಯ್ನ್ ಊರಿನ ಪಕ್ಕದಲ್ಲೇ, ಕ್ಯಾಂಪ್ ಡಾಡ್ಜ್ ಮೈದಾನದಲ್ಲಿ, 1918ರ ಬೇಸಿಗೆಯಲ್ಲಿ ತೆಗೆದದ್ದು. ಜೀವಮಾನವೆಲ್ಲ ಸ್ಟುಡಿಯೋದಲ್ಲಿ ಕಳೆದವನು ನಾನು. ಇಂಥ ಪ್ರಶ್ನೆಗೆ ವಾಟ್ಸಾಪಿನಲ್ಲಿ ಒಂದು ಸಾಲು ಉತ್ತರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ತೆಗೆದವರು ಆರ್ಥರ್ ಮೋಲ್ ಮತ್ತು ಜಾನ್ ಥಾಮಸ್. ಮೋಲ್ 70-80 ಅಡಿ ಎತ್ತರದ ಅಟ್ಟಣಿಗೆ ಕಟ್ಟಿಸಿ, ಅದರ ಮೇಲೆ 11×14 ಅಂಗುಲದ ದೊಡ್ಡ ಕ್ಯಾಮೆರಾ ಇಡುತ್ತಿದ್ದ. ಬೇಕಾದ ಆಕೃತಿಯನ್ನು ಮೊದಲು ಗಾಜಿನ ಮೇಲೆ ಗೆರೆಯಲ್ಲಿ ಬರೆದುಕೊಂಡು, ಅದರ ಮೂಲಕ ಮೈದಾನ ನೋಡುತ್ತ, ಮೇಲಿನಿಂದ ಕೂಗಿ ಹೇಳುತ್ತಿದ್ದ. ಕೆಳಗಿನವರು ಆ ಗೆರೆ ಬಂದ ಕಡೆ ನೆಲಕ್ಕೆ ಪಟ್ಟಿ ಹೊಡೆಯುತ್ತ ಹೋಗುತ್ತಿದ್ದರು. ಸಿದ್ಧತೆಗೇ ದಿನಗಟ್ಟಲೆ ಹಿಡಿಯುತ್ತಿತ್ತು. ಅಜ್ಜಿ ಚುಕ್ಕಿಯಿಟ್ಟು ರಂಗೋಲಿ ಬಿಡುವ ಹಾಗೆಯೇ ಅನ್ನು, ಇಲ್ಲಿ ಚುಕ್ಕಿಗಳಿಗೆ ಜೀವವಿತ್ತು.

ಇದರ ಕಷ್ಟ ಇರುವುದು ದೂರದಲ್ಲಿ. ದೂರದ್ದು ಕಣ್ಣಿಗೆ ಕುಗ್ಗುತ್ತದೆ. ಪ್ರತಿಮೆ ಫೋಟೋದಲ್ಲಿ ನೆಟ್ಟಗೆ ಕಾಣಬೇಕಾದರೆ, ನೆಲದ ಮೇಲೆ ಅದು ಮೇಲಕ್ಕೆ ಹೋದಷ್ಟೂ ಹಿಗ್ಗಬೇಕು. ಒಟ್ಟು 18,000 ಜನ. ಅವರಲ್ಲಿ 12,000 ಮಂದಿ ನಿಂತದ್ದು ಪಂಜಿನ ಜ್ವಾಲೆಯಲ್ಲಿ! ಪಂಜಿಗೆ 2,800, ಬಲಗೈಗೆ 1,200. ದೇವಿಯ ತಲೆ, ಮೈ, ಉಳಿದದ್ದಕ್ಕೆಲ್ಲ ಸೇರಿ 2,000 ಜನ ಸಾಕಾದರು. ಬಿಸಿಲು ಸುಮಾರು 105 ಡಿಗ್ರಿ ಫ್ಯಾರನ್‌ಹೀಟ್, ಮೈಮೇಲೆ ಉಣ್ಣೆಯ ಸಮವಸ್ತ್ರ. ಕೆಲವರು ನಿಂತಲ್ಲೇ ತಲೆ ತಿರುಗಿ ಬಿದ್ದರಂತೆ.

ಈಗ ಚಿತ್ರವನ್ನು ದೊಡ್ಡದು ಮಾಡಿಕೊಂಡು ಕೆಳತುದಿಯಿಂದ ನೋಡುತ್ತ ಬಾ. ಕ್ಯಾಮೆರಾಕ್ಕೆ ಹತ್ತಿರ ನಿಂತವರ ಟೋಪಿ, ಭುಜ ಒಂದೊಂದಾಗಿ ಬಿಡಿಸಿ ಕಾಣುತ್ತವೆ. ಮೇಲೆ ಹೋದಂತೆ ಮನುಷ್ಯರು ಕಾಳುಗಳಾಗುತ್ತಾರೆ. ಜ್ವಾಲೆಗೆ ಬರುವ ಹೊತ್ತಿಗೆ ಬರೀ ಹಿಟ್ಟು. ಅತಿ ಹೆಚ್ಚು ಹುಡುಗರು ನಿಂತ ಜಾಗದಲ್ಲಿ ಒಬ್ಬನ ಮುಖವೂ ಸಿಗುವುದಿಲ್ಲ. ಚಿತ್ರ ಅದ್ಭುತ, ಒಪ್ಪುತ್ತೇನೆ. ಆದರೆ ಆ ಹನ್ನೆರಡು ಸಾವಿರ ಹುಡುಗರ ತಾಯಂದಿರಲ್ಲಿ ಯಾರಿಗೂ ಇದರಲ್ಲಿ ತನ್ನ ಮಗನನ್ನು ಗುರುತಿಸಲು ಸಾಧ್ಯವಿರಲಿಲ್ಲ. ಫೋಟೋಗ್ರಾಫರನಾದ ನನ್ನನ್ನು ಕೊರೆಯುವುದು ಇದೇ.

ಇಷ್ಟು ಹುಡುಗರು ಅಲ್ಲಿ ಸೇರಿದ್ದು ಹೇಗೆ ಎಂದರೆ, ಅಮೆರಿಕ ಮೊದಲನೇ ಮಹಾಯುದ್ಧಕ್ಕಿಳಿದದ್ದು 1917ರ ಏಪ್ರಿಲ್‌ನಲ್ಲಿ. ಇದ್ದ ಸೈನ್ಯ ಚಿಕ್ಕದು. ಜೂನ್‌ನಲ್ಲಿ 21ರಿಂದ 30 ವರ್ಷದ ಗಂಡಸರೆಲ್ಲ ಹೆಸರು ಬರೆಸಬೇಕಾಯಿತು. ಹೆಚ್ಚುಕಡಿಮೆ ನಿನ್ನದೇ ವಯಸ್ಸು, ಪುಟ್ಟಿ. ಕೆಲವೇ ತಿಂಗಳಲ್ಲಿ 32 ದೊಡ್ಡ ತರಬೇತಿ ಕ್ಯಾಂಪುಗಳು ಎದ್ದವು. ಕ್ಯಾಂಪು ಎದ್ದಲ್ಲೆಲ್ಲ ಫೋಟೋದವರೂ ಬಂದರು. ಅವರ ಬಳಿ ಸರ್ಕಟ್ ಎಂಬ ಕ್ಯಾಮೆರಾ ಇರುತ್ತಿತ್ತು. ಟ್ರೈಪಾಡಿನ ಮೇಲೆ ಅದು ಗಡಿಯಾರದ ಯಂತ್ರದ ಬಲದಿಂದ ನಿಧಾನ ತಿರುಗುತ್ತದೆ. ಒಳಗೆ ಕಿರಿದಾದ ಸೀಳಿನ ಹಿಂದೆ ಫಿಲ್ಮ್ ಸರಿಯುತ್ತದೆ. ಇಡೀ ಪಡೆ ಒಂದೇ ಉದ್ದನೆಯ ಪ್ರಿಂಟಿನಲ್ಲಿ ಬರುತ್ತದೆ. ಸೈನಿಕರನ್ನು ಕಮಾನಿನ ಆಕಾರದಲ್ಲಿ ನಿಲ್ಲಿಸಿದರೆ ಮಾತ್ರ ಸಾಲು ನೇರ ಕಾಣುತ್ತದೆ. ಅದಕ್ಕೇ ಇಂಥ ಚಿತ್ರಗಳಲ್ಲಿ ಸಾಲು ನೆಟ್ಟಗಿದ್ದು, ಹಿಂದಿನ ನೇರ ರಸ್ತೆ ಬಾಗಿರುತ್ತದೆ. ಕ್ಯಾಮೆರಾ ತನ್ನನ್ನು ದಾಟಿದ ಕೂಡಲೇ ಸಾಲಿನ ಹಿಂದಿನಿಂದ ಓಡಿ ಇನ್ನೊಂದು ತುದಿಯಲ್ಲಿ ನಿಂತು, ಒಂದೇ ಫೋಟೋದಲ್ಲಿ ಎರಡು ಸಲ ಬಿದ್ದ ತುಂಟರೂ ಇದ್ದರು. ಅಂಥ ಹುಡುಗನನ್ನು ಕಂಡರೆ ನನಗೆ ಎಲ್ಲಿಲ್ಲದ ಪ್ರೀತಿ.

ಇವೆರಡಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದೆಂದರೆ ಫೋಟೋ ಪೋಸ್ಟ್‌ಕಾರ್ಡು. ಹೊಸ ಸಮವಸ್ತ್ರ ತೊಟ್ಟು, ಗೆಳೆಯನ ಹೆಗಲ ಮೇಲೆ ಕೈಯಿಟ್ಟು ತೆಗೆಸಿಕೊಂಡ ಚಿತ್ರ ನೇರವಾಗಿ ಕಾರ್ಡಿನ ಮೇಲೆಯೇ ಪ್ರಿಂಟಾಗಿ ಅಂಚೆಯಲ್ಲಿ ಮನೆಗೆ ಹೋಗುತ್ತಿತ್ತು. ಅಲ್ಲಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಕೈಗೆ ಸಿಕ್ಕರೆ ತಿರುಗಿಸಿ ನೋಡು. ಅಂಚೆಚೀಟಿ ಹಚ್ಚುವ ಚೌಕದಲ್ಲಿ ‘ಅಜೋ’ ಎಂದು ಕಾಗದದ ಹೆಸರಿದ್ದು, ಮೂಲೆಗಳ ನಾಲ್ಕೂ ತ್ರಿಕೋನಗಳು ಮೇಲ್ಮುಖವಾಗಿದ್ದರೆ ಸಾಮಾನ್ಯವಾಗಿ ಅದು 1918ರವರೆಗಿನ ಕಾಗದ. ಪಕ್ಕದಲ್ಲಿ ಬರೆದದ್ದನ್ನು ನಿಧಾನವಾಗಿ ಓದು. ಮುಖ ಮುಂದೆ, ಮಾತು ಹಿಂದೆ, ಎರಡೂ ಒಂದೇ ಕಾಗದದಲ್ಲಿ.

ಇನ್ನೊಂದು ವಿಷಯ. ಆಗ ಸೈನ್ಯದಲ್ಲಿ ಕರಿಯರಿಗೆ ಬೇರೆಯೇ ಪಡೆಗಳು. ನಿನ್ನ ಊರಿನ ಫೋರ್ಟ್ ಡೆ ಮೊಯ್ನ್‌ನಲ್ಲಿ 1917ರಲ್ಲಿ ಕರಿಯ ಅಧಿಕಾರಿಗಳಿಗೆಂದೇ ತರಬೇತಿ ನಡೆದು, ಅಕ್ಟೋಬರ್‌ನಲ್ಲಿ 639 ಮಂದಿ ಅಧಿಕಾರಿಗಳಾಗಿ ಹೊರಬಂದರು. ಕ್ಯಾಂಪ್ ಡಾಡ್ಜ್‌ನಲ್ಲೇ ಕರಿಯರ 366ನೇ ರೆಜಿಮೆಂಟ್ ತಯಾರಾಯಿತು. ಸ್ವಾತಂತ್ರ್ಯ ದೇವಿಯ ಚಿತ್ರ ತೋರಿಸುವವಳು ಇದನ್ನೂ ಹೇಳಬೇಕು. ಬಿಡಬೇಡ.

ದೇವಿಯ ಚಿತ್ರ ತೆಗೆದ ಆ ಬೇಸಿಗೆ ಕಳೆದು ಶರತ್ಕಾಲ ಬರುತ್ತಲೇ ಇನ್‌ಫ್ಲುಯೆಂಜಾ ಕ್ಯಾಂಪುಗಳಿಗೆ ಹೊಕ್ಕಿತು. ಒತ್ತೊತ್ತಾಗಿ ಮಲಗುತ್ತಿದ್ದ ಬ್ಯಾರಕ್‌ಗಳಲ್ಲಿ ಅದನ್ನು ತಡೆಯುವವರು ಯಾರು? ಓಹಾಯೋದ ಕ್ಯಾಂಪ್ ಶೆರ್ಮನ್‌ನಲ್ಲಿ ಮೋಲ್ ಅದೇ ವರ್ಷ 21,000 ಜನರನ್ನು ನಿಲ್ಲಿಸಿ ಅಧ್ಯಕ್ಷ ವಿಲ್ಸನ್ನರ ಮುಖ ಮಾಡಿದ್ದ. ಆ ಒಂದು ಕ್ಯಾಂಪಿನಲ್ಲೇ ಸುಮಾರು 1,200 ಮಂದಿ ಸತ್ತರು. ಕ್ಯಾಂಪ್ ಡಾಡ್ಜ್‌ನಲ್ಲೂ ನೂರಾರು ಜನ ಹೋದರು. ಆ ಯುದ್ಧದಲ್ಲಿ ಸತ್ತ ಸುಮಾರು 1,16,000 ಅಮೆರಿಕನ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗುಂಡಿಗೆ ಬಲಿಯಾದವರಲ್ಲ. ಹಲವರು ಹಡಗನ್ನೇ ಹತ್ತಲಿಲ್ಲ. ಅಂಥವರ ಮನೆಯಲ್ಲಿ ಕೊನೆಗೆ ಉಳಿದದ್ದು ಆ ಪೋಸ್ಟ್‌ಕಾರ್ಡು.

ಆದ್ದರಿಂದ ತರಗತಿಗೆ ಹೀಗೆ ಮಾಡು. ಪೂರ್ತಿ ಚಿತ್ರ ಒಂದು ಕಡೆ, ಅದರ ಕೆಳತುದಿಯನ್ನು ಮಾತ್ರ ದೊಡ್ಡದು ಮಾಡಿ ಇನ್ನೊಂದು ಕಡೆ ಹಾಕು. ಅಡಿಯಲ್ಲಿ ಕ್ಯಾಂಪ್ ಡಾಡ್ಜ್, 1918, ಮೋಲ್ ಮತ್ತು ಥಾಮಸ್ ಎಂದು ಬರೆ. ಜ್ವಾಲೆಯಲ್ಲಿ ಎಷ್ಟು ಜನ ಎಂಬುದನ್ನು ತಪ್ಪದೆ ಸೇರಿಸು. ಕ್ಯಾಂಪ್ ಡಾಡ್ಜ್‌ನೊಳಗೆ ಅಯೋವಾ ಗೋಲ್ಡ್ ಸ್ಟಾರ್ ಮಿಲಿಟರಿ ಮ್ಯೂಸಿಯಂ ಇದೆ. ಒಳಗೆ ಬಿಡಲು ಗುರುತಿನ ಚೀಟಿ ಕೇಳಬಹುದು, ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗು. ಅಲ್ಲಿ ಪೋಸ್ಟ್‌ಕಾರ್ಡುಗಳಿವೆಯೇ ಎಂದು ವಿಚಾರಿಸು. ಇದ್ದರೆ, ಫೋಟೋ ತೆಗೆಯಲು ಬಿಟ್ಟರೆ, ಎರಡೂ ಬದಿ ತೆಗೆದು ನನಗೆ ಕಳಿಸು.

ಇತಿ ನಿನ್ನ ಪ್ರೀತಿಯ,
ಅಜ್ಜ