ಹೊಸ ಮೋಟಾರುಸೈಕಲ್ ಸವಾರರೂ ಅಭ್ಯಾಸಕಾಲದ ಲೈಸೆನ್ಸೂ

ಹೊಸ ಹೋರಿಯನ್ನು ಮೊದಲನೆಯ ದಿವಸವೇ ಹೇರು ತುಂಬಿದ ಬಂಡಿಗೆ ಹೂಡಿ, ಕತ್ತಲೆಯಲ್ಲಿ ಸಂತೆಯ ದಾರಿಗೆ ಅಟ್ಟುವ ಒಕ್ಕಲಿಗನಿಲ್ಲ. ಮೊದಲು ಪಳಗಿದ ಎತ್ತಿನ ಜೊತೆಗೆ ಬರಿಯ ನೊಗ, ತರುವಾಯ ಬರಿಯ ಬಂಡಿ, ಕಡೆಗೆ ಹೇರು. ಈ ಕ್ರಮವು ಸರ್ವರಿಗೂ ವಿದಿತವಾದುದೇ. ಆದರೆ ಮನೆಯ ಹುಡುಗನ ಕೈಗೆ ಮೋಟಾರುಸೈಕಲನ್ನು ಒಪ್ಪಿಸುವಾಗ ಇದು ಮರೆತುಹೋಗುವುದುಂಟು.

ಹೊಸ ಸವಾರನ ಕೊರತೆ:— ಗೇರು, ಕ್ಲಚ್ಚು, ಬ್ರೇಕುಗಳ ಉಪಯೋಗವನ್ನು ಕೆಲವು ದಿವಸಗಳಲ್ಲಿ ಕಲಿಯಬಹುದು. ಅಪಾಯವನ್ನು ಮುಂದಾಗಿ ಕಾಣುವ ಕಣ್ಣು ಮಾತ್ರ ಬಹುಕಾಲದ ಅಭ್ಯಾಸದಿಂದಲೇ ಬರತಕ್ಕದ್ದು. ಅಡ್ಡ ನುಗ್ಗುವ ದನ, ದೀಪವಿಲ್ಲದೆ ನಿಂತ ಟ್ರೇಲರು, ತಿರುವಿನಲ್ಲಿ ಚೆಲ್ಲಿದ ಮರಳು, ಒಕ್ಕಣೆಗೆಂದು ರಸ್ತೆಯ ಮೇಲೆ ಹಾಸಿದ ರಾಗಿಯ ತೆನೆ, ಇವು ಹಳಬನಿಗೆ ಎಚ್ಚರಿಕೆ, ಹೊಸಬನಿಗೆ ಆಪತ್ತು. ರಾತ್ರಿಯಲ್ಲಿ ದೀಪ ಬೆಳಗುವಷ್ಟು ದೂರವೇ ಅವನಿಗೆ ಕಾಣುವುದು. ಹಿಂದೆ ಒಬ್ಬನು ಕುಳಿತರೆ ಭಾರವು ಹಿಂದಕ್ಕೆ ಸರಿದು ತಿರುಗಿಸುವುದೂ ನಿಲ್ಲಿಸುವುದೂ ಕಷ್ಟವಾಗುವುದು.

ನ್ಯೂಜಿಲೆಂಡಿನ ಅನುಭವ:— ಆ ದೇಶದಲ್ಲಿ 1987ನೆಯ ಇಸವಿಯಲ್ಲಿ ಹಂತಹಂತವಾಗಿ ಲೈಸೆನ್ಸು ಕೊಡುವ ಪದ್ಧತಿಯು ಜಾರಿಗೆ ಬಂದಿತು. ಕಲಿಯುವ ಸವಾರನು ರಾತ್ರಿ 10ರಿಂದ ಬೆಳಗಿನ 5 ಘಂಟೆಯವರೆಗೆ ಸವಾರಿ ಮಾಡಕೂಡದು. ಹಿಂದೆ ಯಾರನ್ನೂ ಕೂರಿಸಕೂಡದು. ಆಗ ಯಂತ್ರವು 250 ಸಿ.ಸಿ.ಯನ್ನೂ, ವೇಗವು ಘಂಟೆಗೆ 70 ಕಿಲೋಮೀಟರನ್ನೂ ಮೀರಕೂಡದೆಂಬ ನಿಯಮವಿದ್ದಿತು. ಇದಾದ ಮೇಲೆ 15ರಿಂದ 19 ವರ್ಷದೊಳಗಿನವರಲ್ಲಿ ಮೋಟಾರುಸೈಕಲ್ ಅಪಘಾತದಿಂದ ಆಸ್ಪತ್ರೆ ಸೇರುವವರ ಸಂಖ್ಯೆಯು ನೂರಕ್ಕೆ 22ರಷ್ಟು ಕಡಿಮೆಯಾಯಿತೆಂದು 1999ರಲ್ಲಿ ಪ್ರಕಟವಾದ ಪರಿಶೋಧನೆಯು ತಿಳಿಸಿತು. ಹುಡುಗರು ಒಮ್ಮೆಗೇ ಜಾಣರಾದರೆಂದು ಇದರ ಅರ್ಥವಲ್ಲ. ಎಳೆಯರ ಸವಾರಿಯೇ ಕಡಿಮೆಯಾದುದು ಇದಕ್ಕೆ ಮುಖ್ಯ ಕಾರಣ. ಅಭ್ಯಾಸಕಾಲದ ನಿರ್ಬಂಧವು ಕಾಗದದಿಂದ ಕಾಪಾಡುವುದಿಲ್ಲ. ಸವಾರನನ್ನು ಅಪಾಯದ ಹೊತ್ತಿನಲ್ಲಿ ದೂರವಿರಿಸುವುದರಿಂದ ಕಾಪಾಡುವುದು.

ನಮ್ಮ ಕಾನೂನು:— ಭಾರತದಲ್ಲಿ 18 ವರ್ಷ ತುಂಬಿದವನೇ ಲೈಸೆನ್ಸಿಗೆ ಅರ್ಹನು, 50 ಸಿ.ಸಿ. ಮೀರದ ಮೋಟಾರುಸೈಕಲಿಗೆ ಮಾತ್ರ 16 ವರ್ಷ ಸಾಕು. ಕಲಿಯುವವನ ಲೈಸೆನ್ಸಿನ ಅವಧಿ ಆರು ತಿಂಗಳು. ಅದನ್ನು ಪಡೆದು 30 ದಿವಸಗಳು ಕಳೆಯುವುದಕ್ಕೆ ಮುಂಚೆ ಪರೀಕ್ಷೆಗೆ ಹೋಗುವಂತಿಲ್ಲ. ಬಿಳಿಯ ಫಲಕದ ಮೇಲೆ ಕೆಂಪು 'ಎಲ್' ಅಕ್ಷರವು ಗಾಡಿಯ ಹಿಂದೆಯೂ ಮುಂದೆಯೂ ಇರತಕ್ಕದ್ದು. ಕಲಿಸುವವನ ಹೊರತು ಮತ್ತಾರನ್ನೂ ಕೂರಿಸಕೂಡದು. 2019ರ ತಿದ್ದುಪಡಿಯ ಮೇರೆಗೆ ಅಪ್ರಾಪ್ತವಯಸ್ಕನು ಗಾಡಿ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಗಾಡಿಯ ಯಜಮಾನನಿಗೆ ಮೂರು ವರ್ಷಗಳವರೆಗೆ ಸೆರೆಯೂ 25,000 ರೂಪಾಯಿ ಜುಲ್ಮಾನೆಯೂ ಉಂಟು. ಗಾಡಿಯ ನೋಂದಣಿಯು 12 ತಿಂಗಳು ರದ್ದಾಗುವುದು.

ಯಜಮಾನರು ಗಮನಿಸತಕ್ಕ ಅಂಶಗಳು:—

1. ವಯಸ್ಸು ತುಂಬದವನಿಗೂ ಲೈಸೆನ್ಸಿಲ್ಲದ ಆಳಿಗೂ ಬೀಗದಕೈಯನ್ನು ಕೊಡಬಾರದು. ತುರ್ತು ಕೆಲಸವೆಂಬುದು ನೆಪವಾಗದಿರಲಿ.

2. ನಮ್ಮ ಕಾನೂನಿನಲ್ಲಿ ಕಲಿಯುವವನಿಗೆ ರಾತ್ರಿಯ ನಿಷೇಧವಿಲ್ಲ. ಆದಕಾರಣ ಮನೆಯ ಹಿರಿಯರೇ ಮೊದಲನೆಯ ವರ್ಷ ಆ ನಿಷೇಧವನ್ನು ಹಾಕುವುದು ಒಳ್ಳೆಯದು.

3. ಪರೀಕ್ಷೆಯಾದ ಮೇಲೆಯೂ ಕೆಲವು ತಿಂಗಳು ಹಿಂದೆ ಯಾರನ್ನೂ ಕೂರಿಸದೆ, ಗೊಬ್ಬರದ ಮೂಟೆ ಮೊದಲಾದ ಹೇರನ್ನು ಹೊರಿಸದೆ ಸವಾರಿ ಮಾಡಿಸಬೇಕು.

4. ಹೊಲದ ದಾರಿಯಾದರೂ ಸರಿಯೆ, ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಧರಿಸಬೇಕು.

5. ಗ್ರಾಮದ ಮುಖಂಡರು ರಸ್ತೆಯ ಮೇಲಿನ ಒಕ್ಕಣೆಯನ್ನು ತಪ್ಪಿಸಿ, ಕಣಗಳನ್ನು ಏರ್ಪಡಿಸಬೇಕು.

ಬೆಳೆ ಕೆಟ್ಟರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಮನೆಯ ಮಗನು ಹೋದರೆ ಮರಳಿ ಬಾರನು. ಅವನನ್ನು ಪಳಗಿಸಲು ಒಂದು ವರ್ಷದ ತಾಳ್ಮೆಯು ಹೆಚ್ಚಿನ ಬೆಲೆಯೇನಲ್ಲ.