ಆ ‘36’ ಹಾಲುಹಲ್ಲಲ್ಲ

ನಿಮ್ಮ ಮಗಳಿಗೆ ದಂತವೈದ್ಯರು ಕೊಟ್ಟ ಚೀಟಿಯಲ್ಲಿರುವ 36 ಹಲ್ಲುಗಳ ಎಣಿಕೆಯಲ್ಲ, ಒಂದೇ ಹಲ್ಲಿನ ವಿಳಾಸ. 3 ಎಂದರೆ ಕೆಳದವಡೆಯ ಎಡಭಾಗ. 6 ಎಂದರೆ ನಡುಗೆರೆಯಿಂದ ಆರನೆಯದು. ಹಾಲುಹಲ್ಲುಗಳು ಬಾಯಿಯ ಒಂದೊಂದು ಕಾಲುಭಾಗದಲ್ಲಿ ಐದೇ, ಒಟ್ಟು 20. ಆರನೆಯದು ಹಾಲುಹಲ್ಲಾಗಲು ಸಾಧ್ಯವೇ ಇಲ್ಲ. ‘ಅಲ್ಲಿ ಯಾವ ಹಲ್ಲೂ ಬಿದ್ದಿಲ್ಲವಲ್ಲ’ ಎಂದು ಕೇಳಿದ್ದೀರಿ. ಈ ಶಾಶ್ವತ ದವಡೆಹಲ್ಲು ಯಾವುದನ್ನೂ ಬೀಳಿಸದೆ, ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಹುಟ್ಟುತ್ತದೆ. ಹೆತ್ತವರು ಮೋಸಹೋಗುವುದು ಇಲ್ಲೇ. ಅದರ ಮೇಲಿನ ಆಳವಾದ ಗೀರುಗಳಲ್ಲಿ ಬಿಸ್ಕೆಟ್ ಪುಡಿ ಕೂತು ಬೇಗ ಹುಳುಕಾಗುತ್ತದೆ. ಕಳೆದುಹೋದ ಎನಾಮಲ್ ಮತ್ತೆ ಬೆಳೆಯದು. ಹುಳುಕು ಡೆಂಟಿನ್ ದಾಟಿ, ನರ ಮತ್ತು ರಕ್ತನಾಳಗಳಿರುವ ತಿರುಳನ್ನು ಮುಟ್ಟುವ ಮುನ್ನ ದಯವಿಟ್ಟು ಫಿಲ್ಲಿಂಗ್ ಮಾಡಿಸಿ. ಅದರ ಪಕ್ಕದ ಹಾಲುಹಲ್ಲು ಹುಳುಕಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ: ಹತ್ತು-ಹನ್ನೆರಡು ವರ್ಷದವರೆಗೆ ಮುಂದಿನ ಹಲ್ಲಿಗೆ ಜಾಗ ಕಾಯುವುದು ಅದೇ.